ಸುಲ್ತಾನ್ ಬಜಾರಿನಿಂದ ಹಿಪ್ಪಿಗಳ ಗಡ್ಡಿಗೆ



ಬಟ್ಟೆಬರೆ, ಬಳೆ ಕೊಳ್ಳಲು ನೀವು ಸುಲ್ತಾನ್ ಬಜಾರಿನಲ್ಲಿ ಎಷ್ಟೋ ಸಲ ಓಡಾಡಿದ್ದೀರಿ. ಇದು ಹಿಂದೆ ರೆಸಿಡೆನ್ಸಿ ಬಜಾರ್ ಆಗಿತ್ತೆಂಬುದು ನಿಮಗೆ ಗೊತ್ತೇ? ಊರು ನಿಜಾಮರದು, ಆದರೆ ಈ ಪೇಟೆಯ ಆಡಳಿತ 1933ರವರೆಗೆ ಬ್ರಿಟಿಷರದು! ನಿಜಾಮರ ಕಟ್ಟುಪಾಡು ಇಲ್ಲಿ ಸಡಿಲವಾಗಿತ್ತು. 1892ರಲ್ಲಿ ಆರ್ಯ ಸಮಾಜ, 1901ರಲ್ಲಿ ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯ ಇಲ್ಲೇ ನೆಲೆಯೂರಿದವು. ಎರಡು ಆಡಳಿತಗಳ ಸಂದಿಯಲ್ಲಿ ಹೊಸ ಬದುಕು ಚಿಗುರುವುದು ಹೀಗೆ.

ಅಂಥದೇ ಇನ್ನೊಂದು ಜಾಗ ನಮ್ಮ ಕನ್ನಡ ನಾಡಿನಲ್ಲಿದೆ. ಹಂಪಿಯಲ್ಲಿ ತುಂಗಭದ್ರೆಯನ್ನು ದಾಟಿದರೆ ಸಿಗುವ ವಿರೂಪಾಪುರಗಡ್ಡಿ. 1948ರವರೆಗೆ ಹಂಪಿಯ ದಡ ಮದ್ರಾಸಿನದು, ಆಚೆ ದಡ ನಮ್ಮ ಹೈದರಾಬಾದ್ ಸಂಸ್ಥಾನದ್ದು. ಇಂದಿಗೂ ಜಿಲ್ಲೆ ಬೇರೆ: ಗಡ್ಡಿ ಕೊಪ್ಪಳಕ್ಕೆ ಸೇರಿದೆ.

1960ರ ದಶಕದಲ್ಲಿ ಯುದ್ಧ, ಹಣ, ಯಂತ್ರಗಳಿಂದ ಬೇಸತ್ತ ಪಾಶ್ಚಾತ್ಯ ತರುಣರು ಇಸ್ತಾಂಬುಲ್, ಕಾಬೂಲ್ ಮಾರ್ಗವಾಗಿ ಭಾರತಕ್ಕೆ ಬಂದರು. 1968ರಲ್ಲಿ ಬೀಟಲ್ಸ್ ತಂಡ ಋಷಿಕೇಶಕ್ಕೆ ಬಂದ ಮೇಲೆ ಯೋಗ, ಧ್ಯಾನಗಳ ಹಂಬಲ ಇನ್ನಷ್ಟು ಹಬ್ಬಿತು. 1979ರಲ್ಲಿ ಇರಾನಿನ ಕ್ರಾಂತಿ, ಅಫ್ಘಾನಿಸ್ತಾನದ ಯುದ್ಧ ಆ ರಸ್ತೆಯನ್ನು ಮುಚ್ಚಿದವು. ಆದರೂ ಗೋವಾ, ಗೋಕರ್ಣಗಳಿಂದ ಹಂಪಿಗೆ ಬರುವವರು ನಿಲ್ಲಲಿಲ್ಲ. ಗುಡಿಯ ಕಡೆ ಮದ್ಯ ಮಾಂಸ ನಿಷೇಧ. ಹರಿಗೋಲಿನಲ್ಲಿ ದಾಟಿದರೆ ಭತ್ತದ ಗದ್ದೆಗಳ ನಡುವೆ ಗುಡಿಸಲು, ಉಯ್ಯಾಲೆ, ಗಿಟಾರು! ಸೈನ್ಯದ ಸೇವೆ ಮುಗಿಸಿ ಬರುವ ಇಸ್ರೇಲಿ ಯುವಕರಿಗಾಗಿ ಹೀಬ್ರೂ ಬೋರ್ಡುಗಳೂ ಬಂದವು. ಜನ ಅದನ್ನು ‘ಹಿಪ್ಪಿ ದ್ವೀಪ’ ಎಂದೇ ಕರೆದರು.

ಆದರೆ ಆ ನೆಲ 1988ರಲ್ಲೇ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾಗಿತ್ತು. ಅನುಮತಿಯಿಲ್ಲದ ಕಟ್ಟಡಗಳನ್ನು ತೆಗೆಯಬೇಕೆಂಬ ಆದೇಶವನ್ನು 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಮಾರ್ಚ್‌ನಲ್ಲಿ ಬುಲ್ಡೋಜರ್ ಬಂತು. ಹಂಪಿ ಉಳಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅತಿಥಿಗಳು ಚೀಲ ಹೆಗಲಿಗೇರಿಸಿ ಬೇರೆ ಕಡೆಗೆ ಹೊರಡಬಹುದು. ಅವರನ್ನೇ ನಂಬಿ ಅಡುಗೆ ಮಾಡಿದವರು, ಕೋಣೆ ಗುಡಿಸಿದವರು ಎಲ್ಲಿಗೆ ಹೋಗಬೇಕು?

ಶಾಂತಿಯನ್ನು ಹುಡುಕುವುದು ತಪ್ಪಲ್ಲ. ಯಾರ ಅಂಗಳದಲ್ಲಿ ಹುಡುಕುತ್ತಿದ್ದೇವೆ ಎಂಬ ಅರಿವು ಜೊತೆಗಿರಬೇಕು, ಅಷ್ಟೆ. ಸಾವಿರಾರು ಮೈಲಿ ದೂರದಿಂದ ಬಂದವರಿಗೆ ಅಲ್ಲಿನ ಜನರ ಭಾಷೆ ಬರುತ್ತಿರಲಿಲ್ಲ. ನಿಮಗೆ ಬರುತ್ತದೆ, ತೊದಲಿದರೂ ಪರವಾಗಿಲ್ಲ! ಮುಂದಿನ ರಜೆಯಲ್ಲಿ ಹಂಪಿಗೆ ಹೋದಾಗ ಆಚೆ ದಡಕ್ಕೂ ಹೋಗಿ. ಫೋಟೋ ತೆಗೆಯುವ ಮುನ್ನ ಅಲ್ಲಿನ ಹಿರಿಯರನ್ನು ಕನ್ನಡದಲ್ಲಿ ಮಾತನಾಡಿಸಿ. ಗಡ್ಡಿಯ ಕಥೆಯನ್ನು ಅವರ ಬಾಯಿಂದಲೇ ಕೇಳಿ ಬನ್ನಿ.