ಆರು ತಂತಿ, ಭಾಗ 9: ಐದೇ ಸ್ವರ, ಎರಡು ಮನೆ

ಗಿಟಾರ್ ಕೈಗೆ ತಗೊಳ್ಳಿ. ಎಡಗೈಯಲ್ಲಿ ಏನೂ ಒತ್ತಬೇಡಿ. ದಪ್ಪ ತಂತಿಯಿಂದ ಸಣ್ಣ ತಂತಿವರೆಗೆ ಒಂದೊಂದೇ ಮೀಟಿ. ಇ, ಎ, ಡಿ, ಜಿ, ಬಿ, ಮತ್ತೆ ಇ.

ತಂತಿ ಆರು, ಸ್ವರ ಮಾತ್ರ ಐದೇ. ಇದೇ ಐದನ್ನ ಇ, ಜಿ, ಎ, ಬಿ, ಡಿ ಅಂತ ಜೋಡಿಸಿದ್ರೆ ಇ ಮೈನರ್ ಪೆಂಟಾಟೋನಿಕ್. ಜಿ, ಎ, ಬಿ, ಡಿ, ಇ ಅಂತ ಜೋಡಿಸಿದ್ರೆ ಜಿ ಮೇಜರ್ ಪೆಂಟಾಟೋನಿಕ್. ಒಂದು ಸ್ವರನೂ ಬದಲಾಗಿಲ್ಲ, ಹೆಸರು ಬದಲಾಯ್ತು. ಇಂಥ ಜೋಡಿಗೇ ರಿಲೇಟಿವ್ ಮೇಜರ್, ರಿಲೇಟಿವ್ ಮೈನರ್ ಅನ್ನೋದು.

ಹೋದ ವಾರ ನಿಮ್ಮಲ್ಲೇ ಒಬ್ಬರು ಮೆಸೇಜ್ ಮಾಡಿದ್ರು. "12 ಮೇಜರ್, 12 ಮೈನರ್, ಒಟ್ಟು 24. ನನ್ನ ಹತ್ರ ಆಗೋದಿಲ್ಲ, ಗಿಟಾರ್ ಮಾರಿಬಿಡ್ತೇನೆ" ಅಂತ. ಮಾರಬೇಡಿ ಮಾರಾಯ್ರೇ. ಅದು 24 ಅಲ್ಲ, 12 ಜೋಡಿ. ಅರ್ಧ ಕೆಲಸ ಆಗಲೇ ಮುಗಿದಿದೆ.

"ಸ್ವರ ಅವೇ ಆದ್ರೆ ಒಂದು ಖುಷಿ, ಇನ್ನೊಂದು ಬೇಸರ ಯಾಕೆ ಕೇಳಿಸ್ತದೆ?" ಇದು ಸರಿಯಾದ ಪ್ರಶ್ನೆ. ನಾನು ಬಿಕಾಂ, ಹಾಗಾಗಿ ಲೆಕ್ಕದ ಪುಸ್ತಕದಲ್ಲೇ ಹೇಳ್ತೇನೆ. ಕುಮಟಾದ ಹೋಲ್‌ಸೇಲ್ ಅಂಗಡಿಯವರು ಭಟ್ಕಳದ ಅಂಗಡಿಗೆ 5,000 ರೂಪಾಯಿ ಮಾಲು ಸಾಲಕ್ಕೆ ಕೊಟ್ರು ಅಂತ ಇಟ್ಕೊಳ್ಳಿ. ಬಿಲ್ ಒಂದೇ, ಮೊತ್ತ ಒಂದೇ. ಕುಮಟಾದವರ ಪುಸ್ತಕದಲ್ಲಿ ಅದು ಬರಬೇಕಾದ ದುಡ್ಡು. ಭಟ್ಕಳದವರ ಪುಸ್ತಕದಲ್ಲಿ ಕೊಡಬೇಕಾದ ದುಡ್ಡು. ಯಾರ ಪುಸ್ತಕ ಅನ್ನೋದರ ಮೇಲೆ ಅದೇ 5,000ದ ಅರ್ಥ ಬದಲಾಗ್ತದೆ.

ಸಂಗೀತದಲ್ಲಿ ಆ ಪುಸ್ತಕದ ಹೆಸರು ಷಡ್ಜ. ಕಿವಿ ಯಾವ ಸ್ವರವನ್ನ ಮನೆ ಅಂದ್ಕೊಳ್ತದೋ, ಉಳಿದ ನಾಲ್ಕನ್ನೂ ಅಲ್ಲಿಂದಲೇ ಅಳೀತದೆ. ಜಿ ಮನೆ ಆದ್ರೆ ಬಿ ಸ್ವರ ಅದರ ದೊಡ್ಡ ಗಾಂಧಾರ. ಇ ಮನೆ ಆದ್ರೆ ಜಿ ಸ್ವರ ಅದರ ಸಣ್ಣ ಗಾಂಧಾರ. ಮೇಜರ್, ಮೈನರ್ ಅಂತ ಕಿವಿಗೆ ಹೊಳೆಯೋದು ಮುಖ್ಯವಾಗಿ ಈ ಗಾಂಧಾರದಿಂದ.

ನಮ್ಮ ಕಡೆಯವರಿಗೆ ಇದು ಹೊಸದಲ್ಲ. ಮೊಬೈಲಲ್ಲಿ ತಂಬೂರಿ ಆ್ಯಪ್ ಹಾಕಿ. ಶ್ರುತಿ ಜಿ ಇಟ್ಟು ಈ ಐದು ಸ್ವರ ನುಡಿಸಿ. ಮೋಹನದ ಸ್ವರ, ಹಿಂದೂಸ್ತಾನಿಯಲ್ಲಿ ಭೂಪ್. ಆಟದಲ್ಲಿ ಭಾಗವತರ ಬಾಯಲ್ಲಿ ಮೋಹನ ಕೇಳದೆ ಹೊನ್ನಾವರದಲ್ಲಿ ಬೆಳೆದವರು ಇದ್ದಾರಾ? ಈಗ ಶ್ರುತಿ ಇ ಮಾಡಿ, ಅದೇ ಐದು ನುಡಿಸಿ. ಶುದ್ಧ ಧನ್ಯಾಸಿ, ಹಿಂದೂಸ್ತಾನಿಯ ಧಾನಿ. ಎ ಇಟ್ರೆ ಮಧ್ಯಮಾವತಿ, ಬಿ ಇಟ್ರೆ ಹಿಂದೋಳ, ಡಿ ಇಟ್ರೆ ಶುದ್ಧ ಸಾವೇರಿ. ಕರ್ನಾಟಕ ಸಂಗೀತದವರು ಇದನ್ನ ಗ್ರಹಭೇದ ಅಂತಾರೆ, ಹಿಂದೂಸ್ತಾನಿಯವರು ಮೂರ್ಛನೆ ಅಂತಾರೆ. ಗಿಟಾರ್ ಪುಸ್ತಕದ ರಿಲೇಟಿವ್ ಮೇಜರ್, ಮೈನರ್ ಜೋಡಿ ಈ ಐದರಲ್ಲಿ ಎರಡು ಬಾಗಿಲು ಅಷ್ಟೇ.

ಇದು ನನಗೆ ಯಾಕೆ ಇಷ್ಟು ಮುಖ್ಯ ಅಂತ ಹೇಳಿಬಿಡ್ತೇನೆ. ನಮ್ಮ ಅಜ್ಜ ಭಜನೆಗೆ ಹಾರ್ಮೋನಿಯಂ ನುಡಿಸೋರು. ಹೋದ ವರ್ಷ ಲಕ್ವ ಹೊಡೆದು ಎಡಗೈಗೆ ಬಲ ಹೋಯ್ತು. ಬಲಗೈ ಬೆರಳು ಚೆನ್ನಾಗೇ ಓಡ್ತದೆ, ಆದ್ರೆ ತಿದಿ ಒತ್ತೋಕಾಗೋದಿಲ್ಲ. ಪೆಟ್ಟಿಗೆ ಮುಚ್ಚಿಟ್ಟಿದ್ದಾರೆ. ನನ್ನ ಗಿಟಾರ್ ಬಗ್ಗೆ ಅವರು ಒಳ್ಳೇದೂ ಹೇಳಿದವರಲ್ಲ, ಕೆಟ್ಟದ್ದೂ ಹೇಳಿದವರಲ್ಲ. ಒಂದು ಸಂಜೆ ನಾನು ಇದೇ ಇ ಮೈನರ್ ಅಭ್ಯಾಸ ಮಾಡ್ತಾ ಇದ್ದೆ. ಒಳಗಿಂದ ಧ್ವನಿ ಬಂತು: "ಅದು ಧಾನಿ ಅಲ್ದನೇ ಕೂಸೇ?"

ಈಗ ಸಂಜೆ ಅಜ್ಜ ಷಡ್ಜ ಗುನುಗ್ತಾರೆ, ನಾನು ಆ ಐದು ಸ್ವರ ನುಡಿಸ್ತೇನೆ. ನಡುವೆ ಅವರು ಷಡ್ಜ ಬದಲಾಯಿಸ್ತಾರೆ, ನನ್ನ ಬೆರಳು ಅಲ್ಲೇ ಇರ್ತದೆ, ರಾಗ ಬೇರೆ ಆಗ್ತದೆ. ಅವರ ತಕರಾರೂ ಇದೆ: "ಬರೀ ಸ್ವರ ಹತ್ತಿ ಇಳಿದ್ರೆ ರಾಗ ಆಗೋದಿಲ್ಲ." ನಿಜ. ಭೂಪ್, ದೇಶಕಾರ್ ಎರಡಕ್ಕೂ ಇದೇ ಐದು ಸ್ವರ. ಭೂಪದಲ್ಲಿ ಗಾಂಧಾರಕ್ಕೆ ತೂಕ, ದೇಶಕಾರದಲ್ಲಿ ಧೈವತಕ್ಕೆ. ಸ್ಕೇಲ್ ಅಂದ್ರೆ ಅಕ್ಷರಮಾಲೆ, ಮಾತು ಆಮೇಲೆ.

ಈಗ ಕೈಗೆ ಕೆಲಸ. ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ:

6ನೇ ತಂತಿ: 0, 3
5ನೇ ತಂತಿ: 0, 2
4ನೇ ತಂತಿ: 0, 2
3ನೇ ತಂತಿ: 0, 2
2ನೇ ತಂತಿ: 0, 3
1ನೇ ತಂತಿ: 0, 3

0 ಅಂದ್ರೆ ಖಾಲಿ ತಂತಿ, ಉಳಿದದ್ದು ಫ್ರೆಟ್ ನಂಬರ್. 6ನೇ ತಂತಿ ಖಾಲಿ ಇ, 3ನೇ ಫ್ರೆಟ್ ಜಿ. ನಡುವಿನ ದೂರ ಮೂರು ಫ್ರೆಟ್. ಎಲ್ಲಾ 12 ಜೋಡಿಗೂ ಇದೇ ಲೆಕ್ಕ: ಮೇಜರ್ ಮನೆಯಿಂದ ಮೂರು ಫ್ರೆಟ್ ಕೆಳಗೆ ಅದರ ಮೈನರ್ ಮನೆ.

ಒಂದು ಎಚ್ಚರ. ಜಿ ಮೇಜರ್ ಮತ್ತು ಜಿ ಮೈನರ್ ಈ ಥರದ ಜೋಡಿ ಅಲ್ಲ. ಅಲ್ಲಿ ಮನೆ ಒಂದೇ, ಸ್ವರಗಳು ಬೇರೆ. ಹಾಗಾಗಿ ಎ ಮೈನರ್ ಹಾಡಿಗೆ ಈ ಆಕಾರವನ್ನ 5ನೇ ಫ್ರೆಟ್‌ನಿಂದ ಹಿಡೀರಿ, ಎ ಮೇಜರ್ ಹಾಡಿಗೆ ಅದೇ ಆಕಾರ 2ನೇ ಫ್ರೆಟ್‌ನಿಂದ. ಎರಡರಲ್ಲೂ ಸಾಲು ಮುಗಿಸೋದು ಎ ಸ್ವರದ ಮೇಲೆ.

ಇವತ್ತು ಹತ್ತೇ ನಿಮಿಷ ಕೊಡಿ. ಗೆಳೆಯರಿಗೆ ಐದು ನಿಮಿಷ ಜಿ ಕಾರ್ಡ್ ಹೊಡೀಲಿಕ್ಕೆ ಹೇಳಿ, ಆಮೇಲೆ ಐದು ನಿಮಿಷ ಇ ಮೈನರ್. ಯಾರೂ ಇಲ್ಲಾಂದ್ರೆ ತಂಬೂರಿ ಆ್ಯಪ್ ಸಾಕು. ನೀವು ಅದೇ ಸ್ವರ ನುಡಿಸಿ, ನಿಲ್ಲೋ ಜಾಗ ಮಾತ್ರ ಬದಲಾಯಿಸಿ. ಮನೆಯಲ್ಲಿ ಹಾರ್ಮೋನಿಯಂ, ಭಜನೆ, ತಾಳಮದ್ದಳೆ ಗೊತ್ತಿರೋ ಹಿರಿಯರಿದ್ರೆ ಬಾಗಿಲು ತೆಗೆದಿಟ್ಟೇ ಅಭ್ಯಾಸ ಮಾಡಿ. ಅವರು ಯಾವ ರಾಗ ಅಂದ್ರು ಅಂತ ನನಗೆ ಹೇಳಿ.

ಭಾಗ 10ರಲ್ಲಿ ಹಿಂದೋಳದ ಬಾಗಿಲು.