ಮಂಜಿನಲ್ಲಿ ಗೌರಿಯ ಗಂಟೆ

ನಾವು ಮೂವರು ರೂಮ್‌ಮೇಟ್ಸ್. ಒಬ್ಬ ಮೂಡಿಗೆರೆ ಕಡೆಯವನು, ಒಬ್ಬ ಕಳಸ, ಇನ್ನೊಬ್ಬ ಚಿಕ್ಕಮಗಳೂರು ಪೇಟೆ. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಕಾಗುಣಿತ ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಮೂರನೇ ಸೆಮ್ ಮುಗಿದ ರಜೆಯಲ್ಲಿ ಮೂಡಿಗೆರೆಯವನ ಮನೆಗೆ ಹೋಗಿದ್ವಿ. ವಾಪಸ್ ಹೊರಟ ದಿನ ಬೆಳಿಗ್ಗೆ ಆರೂವರೆ ಬಸ್ಸಿಗೆ ಅಂತ ತೋಟದ ದಾರಿ ಹಿಡಿದಿದ್ವಿ. ಹತ್ತು ಹೆಜ್ಜೆ ಮುಂದಿನ ಸಿಲ್ವರ್ ಓಕ್ ಕೂಡ ಕಾಣದಷ್ಟು ಮಂಜು. ಎಡಗಡೆ ಕಾಫಿ ಗಿಡ ಮುರಿದ ಸದ್ದು. ಟಾರ್ಚ್ ಹಾಕಿದ್ರೆ ಎದುರಿಗೆ ಬರೀ ಬಿಳಿ ಗೋಡೆ. ದನವೋ, ಆನೆಯೋ? ಕಾಲು ಅಲ್ಲೇ ಕಚ್ಚಿಕೊಂಡ್ವು. ಹಿಂದೆ ಬರ್ತಿದ್ದ ಅಜ್ಜಿ ಸ್ವಲ್ಪ ಕಿವಿಗೊಟ್ಟು, "ಹೆದರ್ಬೇಡ್ರೋ, ನಮ್ಮ ಗೌರಿ ಅದು. ಗಂಟೆ ಕೇಳಲ್ವಾ?" ಅಂದರು.

ಅವತ್ತು ಗೌರಿ. ಆದರೆ ಇದೇ ತಾಲ್ಲೂಕಿನಲ್ಲಿ ತೋಟದ ಕೆಲಸಕ್ಕೆ ಹೋದವರು ಆನೆ ದಾಳಿಗೆ ಸಿಕ್ಕಿ ಸತ್ತಿದ್ದಾರೆ.

ನಾಲ್ಕನೇ ಸೆಮ್‌ನಲ್ಲಿ ಎಲೆಕ್ಟ್ರೋಮ್ಯಾಗ್ನೆಟಿಕ್ಸ್ ಶುರುವಾದಾಗ ನಮಗೆ ಆ ಬೆಳಿಗ್ಗೆಯೇ ನೆನಪು. ಸಿಲಬಸ್ ಬಿಟ್ಟು ಲೈಬ್ರರಿಯಲ್ಲಿ ಹುಡುಕಿದ್ವಿ. ಮಂಜಿನ ಹನಿ ಸುಮಾರು 10 ಮೈಕ್ರಾನ್, ಬೆಳಕಿನ ತರಂಗಾಂತರ ಅರ್ಧ ಮೈಕ್ರಾನ್. ಹಾಗಾಗಿ ಟಾರ್ಚಿನ ಬೆಳಕು ಹನಿಹನಿಗೂ ತಾಗಿ ಚದುರಿ ನಮ್ಮ ಕಣ್ಣಿಗೇ ವಾಪಸ್ ಬರುತ್ತೆ. 10 ಗಿಗಾಹರ್ಟ್ಸ್ ರೇಡಾರಿನ ತರಂಗಾಂತರ 3 ಸೆಂಟಿಮೀಟರ್. ಅದರ ಮುಂದೆ ಹನಿ ಇಲ್ಲದ ಹಾಗೇ. ಮಂಜು ದಾಟಿ ಹೋಗುತ್ತೆ.

ಅಷ್ಟಕ್ಕೇ ಗೆದ್ದೆವು ಅಂದ್ಕೊಂಡ್ವಿ. ಆದರೆ ಒದ್ದೆ ಎಲೆ, ಮರ, ದನ, ಆನೆ ಎಲ್ಲವೂ ಅಲೆಯನ್ನು ವಾಪಸ್ ಕಳಿಸ್ತವೆ. ಏನೋ ಇದೆ ಅಂತ ಗೊತ್ತಾಗೋದು ಒಂದು, ಏನಿದೆ ಅಂತ ಗೊತ್ತಾಗೋದು ಬೇರೆ. ಗಣಿತ ಹಾಕೋಣ ಅಂದ್ರೆ, 1908ರಲ್ಲಿ ಗುಸ್ತಾವ್ ಮೀ ಪೂರ್ತಿ ಲೆಕ್ಕ ಬಿಡಿಸಿದ್ದು ಗೋಳಕ್ಕೆ. ಆನೆ ಗೋಳ ಅಲ್ವಲ್ಲ!

ಆಮೇಲೆ ಸಿಕ್ಕಿದ್ದು 1971ರಲ್ಲಿ ಕಾರ್ಲ್ ಬಾಮ್ ಮುಂದಿಟ್ಟ ವಿಧಾನ. ಸಣ್ಣ ಪಲ್ಸ್ ಒಂದು ವಿಮಾನಕ್ಕೆ ಬಡಿದರೆ ಅದರ ಮೈಮೇಲೆ ಕರೆಂಟ್ ಹರಿದಾಡಿ, ಪಲ್ಸ್ ದಾಟಿ ಹೋದಮೇಲೂ ಸ್ವಲ್ಪ ಹೊತ್ತು 'ಮೊಳಗುತ್ತೆ'. ಆ ಆವರ್ತನಗಳು ವಿಮಾನದ ಅಳತೆ, ಆಕಾರದ ಮೇಲೆ ನಿಂತಿವೆ. ಯಾವ ದಿಕ್ಕಿನಿಂದ ಬಡಿದರೂ ಅವು ಬದಲಾಗಲ್ಲ, ಜೋರು ಮಾತ್ರ ಹೆಚ್ಚುಕಮ್ಮಿ. ಓದ್ತಾ ಓದ್ತಾ ಮೂವರೂ ಒಟ್ಟಿಗೆ ನಕ್ಕೆವು. ಗೌರಿ ಯಾವ ಕಡೆ ಮುಖ ಮಾಡಿದ್ರೂ ಅಜ್ಜಿಗೆ ಅವಳ ಗಂಟೆ ಗೊತ್ತು.

ಆದರೆ ಆನೆಗೆ ಇದು ನಡೆಯಲ್ಲ. ಲೋಹ ಮೊಳಗುತ್ತೆ. ನೀರು ತುಂಬಿದ ಮೈ ಆ ಶಕ್ತಿಯನ್ನು ನುಂಗಿಬಿಡುತ್ತೆ, ಒದ್ದೆ ಬಟ್ಟೆ ಸುತ್ತಿದ ಗಂಟೆ ಥರ. ಉಳಿದದ್ದು ನಡಿಗೆ. ರೇಡಾರಿನ ಕಡೆಗೆ ಸೆಕೆಂಡಿಗೆ 1 ಮೀಟರ್ ನಡೆದು ಬರುವ ಮೈ, ಅದೇ 10 ಗಿಗಾಹರ್ಟ್ಸ್‌ನಲ್ಲಿ, ಸುಮಾರು 67 ಹರ್ಟ್ಸ್ ಡಾಪ್ಲರ್ ಕೊಡುತ್ತೆ. ಕಾಲು ಹಿಂದೆ ಮುಂದೆ ಆಡೋದರಿಂದ ಅದರ ಸುತ್ತ ಇನ್ನಷ್ಟು ಗೆರೆ. ಇದು ಮೈಕ್ರೋ ಡಾಪ್ಲರ್. ಗಾಳಿಗೆ ಅಲ್ಲಾಡೋ ಎಲೆಗೆ ಹೆಜ್ಜೆಯ ಲಯ ಇರಲ್ಲ. ಗೌರಿಗೂ ಆನೆಗೂ ಇರೋ ವ್ಯತ್ಯಾಸ ಆ ಗೆರೆಗಳಲ್ಲಿ ಕಾಣುತ್ತಾ? ನಮ್ಮ ಮಿನಿ ಪ್ರಾಜೆಕ್ಟ್ ಅದೇ.

ಫೋನ್ ಮಾಡಿ ಅಜ್ಜಿಗೆ ಹೇಳಿದ್ವಿ. "ಆಗ್ಲಿ, ಮಾಡಿ. ಆನೆಗೆ ಗಂಟೆ ಕಟ್ಟೋರು ಯಾರು ಮತ್ತೆ?" ಅಂದರು. ಸಿಗ್ನಲ್ ಪ್ರೊಸೆಸಿಂಗ್ ಬರೋರು ಯಾರಾದ್ರೂ ಇದ್ರೆ ನಮ್ಮ ರೂಮಿಗೆ ಬನ್ನಿ. ಕಾಫಿ ಊರಿಂದ ತಂದದ್ದೇ.