ಒಂದು ಕಡೆ ಒಣಗದ ಗಂಧ

ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ ಇಟ್ಟವನಿಗೆ 'ತೇವ ಇದೆ' ಎನ್ನುವ ಮಾತೊಂದೇ ಸಾಕು, ತೂಕದಲ್ಲಿ ವಜಾ ಹಿಡಿಯಬಹುದು. 2023ರಲ್ಲಿ ಜಾವಗಲ್ ಕಡೆಯ ಹಿರಿಯ ರೈತರೊಬ್ಬರ 8 ಕ್ವಿಂಟಲ್ ಉಂಡೆ ಕೊಬ್ಬರಿಯ ಮುಂದೆ ನಿಂತು ನಾನು ಆ ಮಾತು ಆಡಿದೆ. ತೇವ ಇರಲಿಲ್ಲ. ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲಿಟ್ಟು, ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಗಿಟುಕು ಲೊಡಲೊಡ ಅನ್ನುವ ತನಕ ಕಾದು ಸುಲಿದ ಕಾಯಿ ಅದು. ಮುಟ್ಟಿದ ನನ್ನ ಬೆರಳಿಗೆ ಗೊತ್ತಿತ್ತು. ಆ ವರ್ಷ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದರೂ ಪೇಟೆಯ ದರ 8,000ದ ಆಸುಪಾಸಿಗೆ ಕುಸಿದಿತ್ತು. ಮೊದಲೇ ಸೋತು ಬಂದ ಮನುಷ್ಯನ ಲೆಕ್ಕದಲ್ಲಿ ಕ್ವಿಂಟಲಿಗೆ 3 ಕೆಜಿಯಂತೆ ಕಳೆದೆ. ಒಟ್ಟು 1,920 ರೂಪಾಯಿ.

ಶೋಧನೆಗೆ, ಅಂದರೆ ಪಾಪದ ಸೆಳೆತಕ್ಕೆ, ಬೀಳದಂತೆ ಕಾಪಾಡೆಂದು ಚಿಕ್ಕಂದಿನಿಂದ ದಿನಾ ಪ್ರಾರ್ಥನೆಯಲ್ಲಿ ಬೇಡಿಕೊಂಡವನು ನಾನು. ಶೋಧನೆ ಎಂದರೆ ಏನೋ ದೊಡ್ಡದು, ಬಂದರೆ ಗುರುತು ಸಿಕ್ಕೇ ಸಿಗುತ್ತದೆ ಎಂದುಕೊಂಡಿದ್ದೆ. ಅದು ಬಂದದ್ದು, ಆ ಹಿರಿಯರು ಚೀಲದ ಬಾಯಿ ಬಿಚ್ಚಲು ತಲೆ ತಗ್ಗಿಸಿದ ಅರೆಗಳಿಗೆಯಲ್ಲಿ.

ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲ ಮತ್ತೆ ಬಂದಾಗ ಚರ್ಚಿಗೆ ಪಾಪನಿವೇದನೆಗೆ ಹೋದೆ. "ವ್ಯಾಪಾರದಲ್ಲಿ ಕೆಲವು ಸಲ ಸುಳ್ಳು ಹೇಳಿದ್ದೇನೆ" ಎಂದೆ. ಕೊಬ್ಬರಿ ಎನ್ನಲಿಲ್ಲ, ಕೆಜಿ ಎನ್ನಲಿಲ್ಲ, ರೂಪಾಯಿ ಎನ್ನಲಿಲ್ಲ. ಗುರುಗಳು ಹೇಳಿದ ಜಪ ಮುಗಿಸಿ ಹಗುರಾಗಿ ಹೊರಬಂದೆ. ಆ ಹಗುರವೇ ಈಗ ನನ್ನನ್ನು ಹೆಚ್ಚು ಸುಡುತ್ತದೆ. ಕದ್ದದ್ದನ್ನು ಹಿಂದಿರುಗಿಸಬೇಕೆಂದು ಧರ್ಮೋಪದೇಶದ ತರಗತಿಯಲ್ಲೇ ಕಲಿತವನು ನಾನು. ಲೂಕನ ಸುವಾರ್ತೆಯ ಜಕ್ಕಾಯ ಯೇಸುವಿನ ಎದುರು ನಿಂತು ಲೆಕ್ಕ ಹೇಳಿದ: ಯಾರಿಗಾದರೂ ಮೋಸ ಮಾಡಿದ್ದರೆ ನಾಲ್ಕರಷ್ಟು ಕೊಡುತ್ತೇನೆ ಎಂದು. ಲೆಕ್ಕವನ್ನೇ ಬಲ್ಲ ನಾನು ಅದೊಂದನ್ನು ದೇವರಿಂದ ಮುಚ್ಚಿಟ್ಟಿದ್ದೆ.

ಆ ಬೇಸಿಗೆ ನೆಂಟರನ್ನು ಕರೆದುಕೊಂಡು ಹಳೇಬೀಡು ನೋಡಿ ಬೇಲೂರಿಗೆ ಹೋದೆವು. ಕಪ್ಪೆ ಚೆನ್ನಿಗರಾಯನ ಗುಡಿಯ ಮುಂದೆ ಗೈಡು ಜಕಣಾಚಾರಿಯ ಐತಿಹ್ಯ ಹೇಳುತ್ತಿದ್ದ. ಹಾಸನ ಜಿಲ್ಲೆಯಲ್ಲಿ ಬೆಳೆದವರೆಲ್ಲ ಕೇಳಿರುವ ಕಥೆ. ವಿಗ್ರಹದಲ್ಲಿ ದೋಷ ತೋರಿಸಿದರೆ ಬಲಗೈ ಕಡಿದುಕೊಳ್ಳುತ್ತೇನೆಂದು ಶಿಲ್ಪಿ ಪಣ ತೊಟ್ಟಿದ್ದ. ಹುಡುಗ ಡಂಕಣಾಚಾರಿ ವಿಗ್ರಹದ ಮೈಗೆಲ್ಲ ಗಂಧ ಬಳಿದ. ಎಲ್ಲ ಕಡೆ ಗಂಧ ಒಣಗಿತು, ಹೊಕ್ಕುಳ ಬಳಿ ಮಾತ್ರ ಒಣಗಲಿಲ್ಲ. ಅಲ್ಲಿ ಉಳಿ ಇಟ್ಟರೆ ಕಲ್ಲಿನೊಳಗೆ ನೀರು, ನೀರಿನಲ್ಲಿ ಕಪ್ಪೆ. ನೂರು ಸಲ ಕೇಳಿದ್ದೆ. ಅಂದು ಮಾತ್ರ ಆ ಒದ್ದೆ ಜಾಗದಿಂದ ನನ್ನ ಮನಸ್ಸು ಕದಲಲಿಲ್ಲ. ಒಣಗಿದ ಕೊಬ್ಬರಿಯಲ್ಲಿ ತೇವ ಇದೆ ಎಂದವನ ಒಳಗೆ ಒಣಗದೆ ಉಳಿದಿದ್ದು ಎಲ್ಲಿ ಎಂದು ನನಗೆ ಗೊತ್ತಿತ್ತು. ಪಾಪನಿವೇದನೆಯಲ್ಲಿ ನಾನು ಒಣಗಿದ ಕಡೆಯನ್ನಷ್ಟೇ ತೋರಿಸಿ ಬಂದಿದ್ದೆ.

ಅದೇ ವಾರ ನಾಲ್ಕರಷ್ಟು, 7,680 ರೂಪಾಯಿ ತೆಗೆದುಕೊಂಡು ಜಾವಗಲ್ ಕಡೆ ಹೊರಟೆ. ಬಾಣಾವರ ದಾಟುವಷ್ಟರಲ್ಲಿ ಎರಡು ಸಲ ಗಾಡಿ ತಿರುಗಿಸುವ ಮನಸ್ಸಾಯಿತು. ಚರ್ಚಿನ ಕಾಣಿಕೆ ಡಬ್ಬಿಗೆ ಹಾಕಿದರಾಯಿತಲ್ಲ ಎಂದು ಒಂದು ಮನಸ್ಸು ಹೇಳುತ್ತಲೇ ಇತ್ತು.

ಅವರು ಜಗಲಿಯ ಮೇಲೆ ಕೂತಿದ್ದರು. "ಯಜಮಾನ್ರೇ, ಅವತ್ತು ನಿಮ್ಮ ಕೊಬ್ಬರಿಯಲ್ಲಿ ತೇವ ಇರಲಿಲ್ಲ. ಸುಳ್ಳು ಹೇಳಿದೆ" ಎಂದೆ. ತುಸು ಹೊತ್ತು ಸುಮ್ಮನಿದ್ದು, "ಬಿಡಿ ಸ್ವಾಮಿ, ಎಲ್ಲಾರೂ ಕಳೀತಾರೆ" ಎಂದರು.

ಆ ಮಾತಿಗೆ ನನ್ನ ಜೀವ ಎಷ್ಟು ಹಂಬಲಿಸಿತ್ತೆಂದು ಆಗಲೇ ತಿಳಿದದ್ದು. ಮಂಡಿಯಲ್ಲಿ ನನ್ನ ನಾಲಿಗೆಗೆ ಆ ಸುಳ್ಳು ಕಲಿಸಿದ್ದೂ ಅದೇ ಮಾತು.

"ಬೇರೆಯವರ ವಿಷಯ ಬೇಡ. ಕಳೆದವನು ನಾನು" ಎಂದು ದುಡ್ಡು ಕೈಗಿಟ್ಟೆ. ಅವರು ನೋಟುಗಳನ್ನು ಎರಡು ಸಲ ಎಣಿಸಿದರು.